ನಾಲ್ಕೂ ಒಂದೇ ಅಗಲ

ಡ್ರೈವರ್ ಸಾಬರ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಅಂಗಡಿಯ ಷಟರ್ ಎತ್ತಿದೆ. ಎತ್ತಬಾರದಾಗಿತ್ತು. ನಾನೊಬ್ಬ ಒಂದು ದಿನ ಮುಚ್ಚಿದರೆ ವಾಡಿಯ ಸಿಮೆಂಟ್ ಲಾರಿಗಳೇನೂ ನಿಂತುಹೋಗುವುದಿಲ್ಲ. ಆದರೆ ಮನೆಯಲ್ಲಿ ಕುಳಿತು ಮಾಡುವುದಾದರೂ ಏನು? ಈ ಅಂಗಡಿಯ ಕುರ್ಚಿ ಬಿಟ್ಟರೆ ನನಗೆ ಬೇರೆಲ್ಲೂ ಕುಳಿತು ಗೊತ್ತಿಲ್ಲ. ಬಂದು ಕುಳಿತೆ. ಹಿಂದಿನ ಗೋಡೆಗೆ ಆನಿಸಿಟ್ಟ ಅವರ ಕಾರಿನ ಟೈರುಗಳು ಕಣ್ಣಿಗೆ ಬಿದ್ದವು. ನಾಲ್ಕೂ ಒಂದೇ ಅಗಲ. ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಸಿಮೆಂಟಿನ ಧೂಳು ಕೂತಿದೆ ಅವುಗಳ ಮೇಲೆ.

ಕಾರನ್ನು ಗುಜರಿಯವರು ಎಳೆದುಕೊಂಡು ಹೋಗಿ ಬಹಳ ಕಾಲವಾಯಿತು. ಟೈರುಗಳನ್ನು ಮಾತ್ರ ಸಾಬರು ನನ್ನಲ್ಲೇ ಬಿಟ್ಟಿದ್ದರು. "ಇರ್ಲಿ ಬಿಡ್ರಿ ಸಾವ್ಕಾರ್ರ, ನಿಮ್ಮ ಕಣ್ಣ ಮುಂದ ಇರ್ಲಿ. ನೀವು ಬ್ಯಾಡ ಬ್ಯಾಡ ಅಂದ ಟೈರ್ ಅವ ಇವು," ಎಂದು ನಕ್ಕಿದ್ದರು. ಹೌದು, ಬೇಡ ಎಂದಿದ್ದೆ. ಇವತ್ತು ಯಾರಾದರೂ ಬಂದು ಕೇಳಿದರೂ ಬೇಡ ಎಂದೇ ಹೇಳುತ್ತೇನೆ. ಟೈರು ಮಾರುತ್ತಲೇ ತಲೆ ಬೆಳ್ಳಗಾದವನು ನಾನು. ಸತ್ತವರ ಮೇಲಿನ ಪ್ರೀತಿಗಾಗಿ ರಬ್ಬರಿನ ವಿಷಯದಲ್ಲಿ ಸುಳ್ಳು ಹೇಳಲಾರೆ.

ವಾಡಿ ಜಂಕ್ಷನ್ ಊರು. ಇಲ್ಲಿ ರೈಲು ಎಂಜಿನ್ ಓಡಿಸುವವರನ್ನೆಲ್ಲ ಡ್ರೈವರ್ ಸಾಬ್ ಎಂದೇ ಕರೆಯುವುದು. ಇವರು ಸರ್ವಿಸಿನ ಉದ್ದಕ್ಕೂ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದವರು. ಹೆಸರು ಹಿಡಿದು ನಾನು ಒಮ್ಮೆಯೂ ಕರೆದಿಲ್ಲ. ಈಗ ಹೆಸರು ಬರೆದರೆ ಬೇರೆ ಯಾರದೋ ಮಾತು ಆಡಿದಂತಾಗುತ್ತದೆ. ಎಲ್ಲಿ ಹುಟ್ಟಿದರು, ಏನು ಓದಿದರು ಎಂಬುದೂ ನನಗೆ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಿರುವುದು ಅವರು ಕೂಡುತ್ತಿದ್ದ ರೀತಿ, ಚಹಾ ಕುಡಿಯುತ್ತಿದ್ದ ರೀತಿ, ಮತ್ತು ಅವರ ಆ ಹಾಳು ಕಾರು.

ಅಂಗಡಿಗೆ ಬಂದರೆ ಮಾಡುತ್ತಿದ್ದ ಮೊದಲ ಕೆಲಸ ಕುರ್ಚಿ ತಿರುಗಿಸುವುದು. ಗಿರಾಕಿಗಳಿಗೆಂದು ರಸ್ತೆಯ ಕಡೆ ಮುಖ ಮಾಡಿಟ್ಟ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ಹಾಕಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. "ರಸ್ತಾ ಕಡಿಗಿ ಕುಂದ್ರಿ ಸಾಬ್ರ, ಟೈಮ್ ಹೋಗ್ತದ," ಎಂದರೆ, "ನೋಡಿ ನೋಡಿ ಸಾಕಾಗ್ಯಾದ್ರಿ," ಎನ್ನುತ್ತಿದ್ದರು. ಮೊದಲು ಇದೆಂಥ ಠೀವಿ ಎಂದುಕೊಂಡಿದ್ದೆ. ಮುಂದೆ ನೋಡುವುದನ್ನೇ ನೌಕರಿ ಮಾಡಿಕೊಂಡಿದ್ದ ಮನುಷ್ಯ ದಣಿದಿದ್ದಾನೆ ಎಂದು ನನ್ನ ಮಂದ ತಲೆಗೆ ಹೊಳೆಯಲು ತಡವಾಯಿತು.

ನನ್ನ ಅಂಗಡಿಗೆ ರೈಲಿನ ಸದ್ದು ಚೆನ್ನಾಗಿ ಕೇಳಿಸುತ್ತದೆ. ಎಂಜಿನ್ ಚಿಕ್ಕದಾಗಿ ಸೀಟಿ ಹೊಡೆದರೆ ಸಾಬರು ಮಾತು ನಿಲ್ಲಿಸುತ್ತಿರಲಿಲ್ಲ. ಉದ್ದಕ್ಕೆ, ಬಿಡದೆ ಹೊಡೆದರೆ ಮಾತ್ರ ಚಹಾದ ಕಪ್ಪು ಕೈಯಲ್ಲೇ ನಿಲ್ಲುತ್ತಿತ್ತು. ಸೀಟಿ ನಿಂತು ಗಾಲಿಗಳ ಸದ್ದು ಅದೇ ಓಟದಲ್ಲಿ ಮುಂದೆ ಹೋದರೆ, "ಹೋದ. ದಾಟಿದ," ಎಂದು ಉಸಿರು ಬಿಟ್ಟು ಆಮೇಲೆ ಕುಡಿಯುತ್ತಿದ್ದರು. ಅಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು. ತಣ್ಣಗಿನ ಚಹಾ ಕುಡಿದೇ ಅವರಿಗೆ ರೂಢಿಯಾಗಿತ್ತು ಅಂತ ಕಾಣುತ್ತದೆ.

ನಿವೃತ್ತರಾದವರು ಈ ಕಡೆ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುತ್ತಾರೆ, ಇಲ್ಲವೇ ಯಾತ್ರೆಗೆ ಹೋಗುತ್ತಾರೆ. ಇವರು ಹೈದರಾಬಾದಿಗೆ ಹೋಗಿ ಒಂದು ಹಳೆಯ ಜರ್ಮನ್ ಕಾರು ತಂದರು. ಎರಡು ಬಾಗಿಲಿನದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥದು, ಓಟಕ್ಕೆಂದೇ ಮಾಡಿದ ಗಾಡಿ. ಸೇಡಂ ಮೇಲಿಂದ ಹೊಡೆದುಕೊಂಡು ಬಂದವರು ಮನೆಗೂ ಹೋಗದೆ ಸೀದಾ ನನ್ನ ಅಂಗಡಿಯ ಮುಂದೆ ನಿಲ್ಲಿಸಿದರು. ನಾನು ಮೊದಲು ನೋಡಿದ್ದೇ ಟೈರು. ಮುಂದಿನವು ಸಣ್ಣ ಅಗಲ, ಹಿಂದಿನವು ದೊಡ್ಡ ಅಗಲ. ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಎಂಜಿನ್ನಿನ ಕಸುವೆಲ್ಲ ಹಿಂದಿನ ಗಾಲಿಗೆ ಹೋಗುವ ಗಾಡಿ. ಅಲ್ಲಿ ನೆಲದ ಹಿಡಿತ ಹೆಚ್ಚು ಬೇಕು ಅಂತ. ಓಣಿಯ ಜನ ಸುತ್ತ ನಿಂತು, "ಇದೇನ್ರಿ ಸಾಬ್ರ, ಟ್ರ್ಯಾಕ್ಟರ್ ತಂದೀರಿ?" ಎಂದು ನಕ್ಕರು. ಸಾಬರು ಒಂದೊಂದೇ ಟೈರಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತ ಸುತ್ತು ಹಾಕಿದರು.

"ಈ ವಯಸ್ಸಿನ್ಯಾಗ ಇಂಥಾ ಗಾಡಿ ಯಾಕ್ರಿ?" ಎಂದೆ.

"ಸ್ಟೀರಿಂಗ್ ಸಲಕ್ಕ," ಎಂದರು. "ಇಷ್ಟು ವರ್ಷ ಸ್ಟೀರಿಂಗ್ ಇಲ್ಲದ ಗಾಡಿ ಹೊಡದೀನ್ರಿ. ಹಳಿ ಎಲ್ಲಿಗಿ ಒಯ್ತದ ಅಲ್ಲಿಗಿ ಹೋಗಾದು. ಇದು ನೋಡ್ರಿ, ಕಿರಿಬೆರಳಿಲೆ ಹೊಳ್ಳಸಿದ್ರ ಹೊಳ್ತದ."

ಹೊಳ್ಳಸುವುದು ಎಂದರೆ ನಮ್ಮ ಕಡೆ ತಿರುಗಿಸುವುದು. ಆ ಒಂದು ಶಬ್ದವನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ, ಆ ದೇವರಿಗೇ ಗೊತ್ತು.

ಅವರ ಹೆಂಡತಿ, ನಾವೆಲ್ಲ ಭಾಭಿ ಎನ್ನುತ್ತಿದ್ದೆವು, ತೂಕದ ಹೆಂಗಸು, ಮಾತಿಗೆ ಅಂಜುವವರಲ್ಲ. ಪಕ್ಕದ ಸೀಟಿನಲ್ಲಿ ಅವರು ಕೂಡಲೇಬೇಕು. ರೈಲಿನ ಎಂಜಿನ್ನಿನಲ್ಲಿ ಇಬ್ಬರಿರುತ್ತಾರಲ್ಲ, ಒಬ್ಬ ಸಿಗ್ನಲ್ ನೋಡಿ ಬಣ್ಣ ಕೂಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು. ಆ ರೂಢಿ ಸಾಬರನ್ನು ಬಿಟ್ಟಿರಲಿಲ್ಲ. ಕಲಬುರಗಿಯಲ್ಲಿ ಸಿಗ್ನಲ್ ದೀಪ ಕಂಡರೆ ಕೈ ಎತ್ತಿ "ಕೆಂಪು!" ಎನ್ನುತ್ತಿದ್ದರು. ಭಾಭಿ ಪಲ್ಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು "ಕೆಂಪು!" ಎನ್ನಬೇಕು. ಅನ್ನದಿದ್ದರೆ ಹಸಿರು ಬಂದರೂ ಗಾಡಿ ಕದಲುತ್ತಿರಲಿಲ್ಲ. "ಪೂರಾ ಜಿಂದಗಿ ಮನಿ ನೋಡಿಕೊಂಡೆ, ಈಗ ಇವ್ರ ಅಸಿಸ್ಟೆಂಟ್ ಆಗೀನ್ರಿ, ಪಗಾರ ಇಲ್ಲ," ಎಂದು ಭಾಭಿ ನನ್ನ ಮುಂದೆ ಹಣೆ ಚಚ್ಚಿಕೊಂಡಿದ್ದರು. ಆದರೂ ಹೋಗುತ್ತಿದ್ದರು. ಚಿಂಚೋಳಿ ದಾಟಿ ಚಂದ್ರಂಪಳ್ಳಿಯ ಕಾಡಿನ ದಾರಿಗೆ ಹೋಗಿ ಬರುವುದೆಂದರೆ ಸಾಬರಿಗೆ ಹಬ್ಬ. ಅಲ್ಲಿನ ಕೆರೆ ನೋಡಲಿಕ್ಕಲ್ಲ, ಆ ದಾರಿಯಲ್ಲಿ ತಿರುವುಗಳಿವೆ ಅಂತ. ವಾಡಿ, ಶಹಾಬಾದ ಕಡೆಯ ರಸ್ತೆಗಳ ಬಗ್ಗೆ ಅವರಿಗೆ ತಾತ್ಸಾರ. "ಸೀದಾ ಅವ್ರಿ, ಹಳಿ ಇದ್ದಂಗ," ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಒಂದು ದಿನ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ನಾಲವಾರದ ಹತ್ತಿರ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂದಿತ್ತಂತೆ. ಗಾಡಿ ಸೀದಾ ಹೋಗಿ ಎಮ್ಮೆಯ ಹೊಟ್ಟೆಗೆ ಮೂತಿ ತಾಗಿಸಿ ನಿಂತಿತು. ಎಮ್ಮೆಗೆ ಏನೂ ಆಗಲಿಲ್ಲ, ಬಾಲ ಬೀಸಿ ಹೋಯಿತು. ಸಾಬರ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಕುರ್ಚಿ ತಿರುಗಿಸುವುದನ್ನೂ ಮರೆತು ರಸ್ತೆಯ ಕಡೆ ಮುಖ ಮಾಡಿಯೇ ಕುಳಿತರು.

"ಮುಂದಿನ ಟೈರ್ ಸಣ್ಣವ ಅವ್ರಿ," ಎಂದರು. "ಹೊಳ್ಳಸಿದೆ, ಹೊಳ್ಳಲಿಲ್ಲ. ಜಾರಿಕೋತ ಸೀದಾ ಹೋಯ್ತು. ಮುಂದೂ ದಪ್ಪನವ ಹಾಕ್ರಿ. ನಾಲ್ಕೂ ಒಂದೇ ಅಗಲ ಮಾಡ್ರಿ."

ಭಾಭಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಹೊಳ್ಳಸಲೇ ಇಲ್ರಿ ಇವ್ರು. ಬಾಜು ಕುಂತು ನೋಡೀನಿ. ಒಂದು ಕೈ ಹಾರ್ನ್ ಮ್ಯಾಲ, ಕಾಲು ಬ್ರೇಕ್ ಮ್ಯಾಲ. ಸ್ಟೀರಿಂಗ್ ಮುಟ್ಟಲಿಲ್ಲ," ಎಂದರು.

ಸಾಬರು ಹೆಂಡತಿಯ ಕಡೆ ನೋಡಲಿಲ್ಲ.

ನಾನು ನನ್ನ ವೃತ್ತಿಯ ಮಾತು ಹೇಳಿದೆ. ಹಿಂದೆ ಅಗಲ, ಮುಂದೆ ಸಣ್ಣದು ಇದ್ದಾಗ ಗಾಡಿ ಜಾರಿದರೂ ಮೂತಿ ಮುಂದಾಗಿ ಸೀದಾ ಜಾರುತ್ತದೆ. ಹೆದರಿದ ಮನುಷ್ಯ ಬ್ರೇಕ್ ಒತ್ತಿದರೆ ಸಾಕು, ಬುಗುರಿಯಂತೆ ತಿರುಗುವುದಿಲ್ಲ. ನಾಲ್ಕೂ ಸಮ ಮಾಡಿದರೆ ಮೂತಿ ಚುರುಕಾಗುತ್ತದೆ, ಕೈ ಹೇಳಿದ ಕಡೆ ಓಡುತ್ತದೆ, ಆದರೆ ಹಿಂಭಾಗಕ್ಕೆ ಮೊದಲಿನ ಭದ್ರತೆ ಇರುವುದಿಲ್ಲ. ಥಟ್ಟನೆ ತಿರುಗಿಸಿದರೆ ಬಾಲ ಹಾರಿ ಮುಂದೆ ಬರುತ್ತದೆ. ಲಾಭವೂ ಇದೆ, ಇಲ್ಲವೆನ್ನುವುದಿಲ್ಲ. ಈಗ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಬದಲಿಸಿ ಹಾಕಲು ಬರುವುದಿಲ್ಲ, ಸಮ ಇದ್ದರೆ ಬರುತ್ತದೆ, ಟೈರು ಸಮನಾಗಿ ಸವೆದು ಹೆಚ್ಚು ದಿನ ಬಾಳುತ್ತದೆ. ನಮ್ಮ ಶಹಾಬಾದಿ ಕಲ್ಲಿನ ಚೂರು ಬಿದ್ದ ರಸ್ತೆಗಳಲ್ಲಿ ಅದೇನು ಸಣ್ಣ ಮಾತಲ್ಲ. ಇಷ್ಟೆಲ್ಲ ಹೇಳಿ, "ಯುವಕರಿಗೆ ಸರಿ ಸಾಬ್ರ, ನಿಮಗ ಬ್ಯಾಡ. ಕಂಪನಿಯವರು ಹುಚ್ಚರಲ್ಲ," ಎಂದೆ.

"ಸೀದಾ ಜಾರೂದು ಛಲೋ ಅಂತೀರಿ?" ಎಂದರು.

"ಛಲೋ ಅಂತೀನಿ."

ಆಗ ಅವರು ಎದ್ದು, ನಿಧಾನವಾಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕುಳಿತರು. ಕ್ಯಾಲೆಂಡರಿಗೆ ಹೇಳುವಂತೆ ಹೇಳಿದರು: "ಎಂಜಿನ್ನಿನ್ಯಾಗ ನಮಗ ಎರಡೇ ಕೆಲಸ ಸಾವ್ಕಾರ್ರ. ಹಾರ್ನ್, ಬ್ರೇಕ್. ಮುಂದ ಹಳಿ ಮ್ಯಾಲ ಮನಷ್ಯಾ ಬಂದು ನಿಂತಾನ. ಹಾರ್ನ್ ಹೊಡೀತೀವಿ, ಬ್ರೇಕ್ ಹಾಕ್ತೀವಿ. ಅಷ್ಟು ಲೋಡ್ ಎಲ್ಲಿ ನಿಂದ್ರತದ? ಆಮ್ಯಾಲ ನೋಡಕೋತ ಕುಂದ್ರೂದು. ಒಂದು ಮೊಳ ಅತ್ತಾಗ ಹೊಳ್ಳಸಿದ್ರ ಆ ಜೀವ ಉಳೀತದ. ಹೊಳ್ಳಸಲಾಕ ಅಲ್ಲಿ ಏನೂ ಇಲ್ಲ. ಮುಖಾ ಕಾಣ್ತದ್ರಿ. ಅವರೂ ನಮ್ಮನ್ನೇ ನೋಡ್ತಾರ."

ಎಷ್ಟು ಮಂದಿ ಎಂದು ನಾನು ಕೇಳಲಿಲ್ಲ. ಭಾಭಿ ಚಹಾದ ಕಪ್ಪುಗಳನ್ನು ಎತ್ತಿ ಒಳಗೆ ತೊಳೆಯಲು ಹೋದರು, ತಮ್ಮ ಮನೆಯೇನೋ ಎಂಬಂತೆ.

"ಒಂದೇ ಒಂದು ಸಲ," ಎಂದರು ಸಾಬರು, "ಒಬ್ಬರು ಮುಂದ ಬರ್ಬೇಕು, ನಾ ಹೊಳ್ಳಸಬೇಕು, ಅವರು ಉಳೀಬೇಕು. ಅಷ್ಟಾದ್ರ ನಾ ನಿದ್ದಿ ಮಾಡ್ತೀನಿ."

ನನಗೆ ಸಿಟ್ಟೇ ಬಂತು, ಯಾಕೆ ಸುಳ್ಳು ಹೇಳಲಿ. ಇಂಥದ್ದನ್ನು ಯಾರಾದರೂ ಬೇಡಿಕೊಳ್ಳುತ್ತಾರೆಯೇ? ರಸ್ತೆಯಲ್ಲಿ ಯಾರೋ ಅಡ್ಡ ಬರಲಿ ಎಂದು ಕಾಯುವ ಮನುಷ್ಯನಿಗೆ ನಾನು ಟೈರು ಹಾಕಬೇಕೆ? ಆಗುವುದಿಲ್ಲ ಎಂದೆ. ಬೇರೆ ಅಂಗಡಿ ನೋಡಿಕೊಳ್ಳಿ ಎಂದೂ ಅಂದೆ. ಅವರು ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಚಹಾ ಕುಡಿದು, ಗೋಡೆ ನೋಡಿ, "ಏನ್ ಮಾಡ್ತೀರಿ ಮತ್ತ?" ಎಂದು ಕೇಳಿ ಹೋಗುತ್ತಿದ್ದರು. ನನ್ನ ಜೀವ ತಿಂದುಬಿಟ್ಟರು.

ಕೊನೆಗೆ ಭಾಭಿ ಒಬ್ಬರೇ ಬಂದರು. ಕುಳಿತುಕೊಳ್ಳಲಿಲ್ಲ. "ಖರೇ ಹೇಳ್ರಿ ಅಣ್ಣಾ, ಯಾವುದು ಹಾಕಿದ್ರ ಇವ್ರು ಸಾಯಾದಿಲ್ಲ?" ಎಂದರು.

ಈಗ ಇರುವುದೇ ಇದ್ದರೆ ಗಾಡಿ ಗಾಬರಿಯಲ್ಲಿ ಸೀದಾ ಹೋಗುತ್ತದೆ, ಒಳಗಿದ್ದವರಿಗೆ ಅದೇ ಕ್ಷೇಮ. ಸಮ ಮಾಡಿದರೆ ತಿರುಗುತ್ತದೆ, ತಿರುಗಿ ಎಲ್ಲಿ ಹೋಗಿ ಬೀಳುತ್ತದೋ ಹೇಳಲಾರೆ ಎಂದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಭಾಭಿ ಟೈರಿನ ಸಾಲಿನ ಕಡೆ ಕೈ ಮಾಡಿದರು.

"ಹೊಳ್ಳಾದೇ ಹಾಕ್ರಿ," ಎಂದರು. "ಸೀದಾ ಹೋಗಿ ಹೋಗಿ ನಮ್ಮ ಮನಿಗಿ ಸಾಕಾಗ್ಯಾದ. ನಿದ್ದ್ಯಾಗೂ ಕಾಲು ಒತ್ತತಾರ್ರಿ, ಬ್ರೇಕ್ ಒತ್ತಿದಂಗ. ಬಾಜು ಮಲಗಾಕಿ ನಾನು."

ಹಿಂದಿನ ಗಾಲಿಗಳ ಅಳತೆಯ ಎರಡು ರಿಮ್ಮುಗಳನ್ನು ಹೈದರಾಬಾದಿನಿಂದ ತರಿಸಿದೆ. ಮುಂದೆ ಹಾಕಿ ಸ್ಟೀರಿಂಗ್ ಪೂರಾ ತಿರುಗಿಸಿದರೆ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುತ್ತಿತ್ತು. ಅದನ್ನು ಬಿಸಿ ಮಾಡಿ ಒತ್ತಿ ಜಾಗ ಮಾಡಿದೆವು. ಸ್ಟೀರಿಂಗ್ ಮೊದಲಿಗಿಂತ ಭಾರವಾಯಿತು. ಸಾಬರು ಬಂದು ನಾಲ್ಕಕ್ಕೂ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಈಗ ಬರೋಬ್ಬರಿ," ಎಂದರು. ನಾನು ಕೈ ಮುಗಿದೆ.

ಆಮೇಲಿನ ದಿನಗಳಲ್ಲಿ ಅವರು ಮಾಡಿದ್ದನ್ನು ನೋಡಿದವರು ಹುಚ್ಚು ಎನ್ನದೆ ಇರುತ್ತಿರಲಿಲ್ಲ. ಶಹಾಬಾದಿನ ಆಚೆ ಕಲ್ಲು ತೆಗೆದು ಬಿಟ್ಟ ಒಂದು ಗಣಿಯ ಪಕ್ಕ ಸಪಾಟಾದ ಬಯಲಿದೆ. ಗಂಡ ಹೆಂಡತಿ ಬೆಳಗಾದರೆ ಅಲ್ಲಿಗೆ. ಭಾಭಿ ಹೊಟ್ಟು ತುಂಬಿದ ಗೋಣಿಚೀಲ ಹಿಡಿದು ಬದಿಯಲ್ಲಿ ನಿಲ್ಲುವುದು, ಗಾಡಿ ಹತ್ತಿರ ಬಂದಾಗ ಚೀಲವನ್ನು ಮುಂದಕ್ಕೆ ಎಸೆಯುವುದು, ಸಾಬರು ತಪ್ಪಿಸಿಕೊಂಡು ಹೋಗುವುದು. ಇದು ಅವರ ಅಭ್ಯಾಸ. ನಾನೂ ಒಮ್ಮೆ ಹೋಗಿ ಕಲ್ಲಿನ ಮೇಲೆ ಕುಳಿತು ನೋಡಿದೆ. ಚೀಲ ಬೀಳುತ್ತಿತ್ತು. ಹಾರ್ನ್ ಕೂಗುತ್ತಿತ್ತು. ಬ್ರೇಕ್ ಚೀರುತ್ತಿತ್ತು. ಗಾಡಿ ಸೀದಾ ಬಂದು ಚೀಲದ ಮೇಲೆ ಹಾಯುತ್ತಿತ್ತು. ಮತ್ತೆ ಎಸೆದರು, ಮತ್ತೆ ಅದೇ. ಚೀಲ ಒಡೆದು ಹೊಟ್ಟು ಗಾಳಿಗೆ ಹಾರಿತು. ಭಾಭಿ ಸೂಜಿ ದಾರ ತಂದಿದ್ದರು, ಅಲ್ಲೇ ಕುಳಿತು ಹೊಲಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನೋಡಿದ್ರಿ?" ಎಂದೆ ಸಾಬರಿಗೆ. "ತಪ್ಪು ಟೈರಿಂದಲ್ಲ. ನಿಮ್ಮ ಕೈದು."

ಅವರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ಕೈ ಹೇಳಿದ ಮಾತು ಕೇಳವಲ್ಲವು," ಎಂದರು. ಅಷ್ಟು ದಣಿದ ಧ್ವನಿಯನ್ನು ನಾನು ಬೇರೆ ಯಾರಲ್ಲೂ ಕೇಳಿಲ್ಲ.

ಕ್ರಮೇಣ ಚೀಲ ಎಸೆಯುವುದು ನಿಂತಿತು. ಅಂಗಡಿಗೆ ಬರುವುದೂ ಕಡಿಮೆಯಾಯಿತು. ಚಂದ್ರಂಪಳ್ಳಿಯ ಮಾತೂ ಇಲ್ಲ. ಸಂತೆಗೆ, ದವಾಖಾನೆಗೆ ಅಂತ ಎತ್ತಿನ ಬಂಡಿಯ ಹಾಗೆ ಗಾಡಿ ಹೊಡೆಯುತ್ತಿದ್ದರು. ಮುಗಿಯಿತು ಎಂದುಕೊಂಡೆ. ಮುಗಿದದ್ದೇ ಒಳ್ಳೆಯದಾಯಿತು ಎಂದೂ ಅಂದುಕೊಂಡೆ.

ತೊಗರಿ ಕಾಯಿ ಕಟ್ಟಿ ನಿಂತ ಕಾಲ. ಒಂದು ಸಂಜೆ, ಇನ್ನೂ ಬಿಸಿಲಿತ್ತು, ಭಾಭಿಯ ಫೋನ್ ಬಂತು. "ನಾಲವಾರ ಕಡಿಂದ ಬರಾಗ ಗಾಡಿ ಹೊಲದಾಗ ಬಿದ್ದದ್ರಿ ಅಣ್ಣಾ. ಜಲ್ದಿ ಬರ್ರಿ." "ಸಾಬ್ರು?" ಎಂದೆ. "ಅದಾರ್ರಿ. ಬರ್ರಿ ನೀವು," ಎಂದು ಇಟ್ಟುಬಿಟ್ಟರು. ಹಿಂದೆ ಯಾರೋ ಚೀರುವುದು ಕೇಳಿಸಿತು. ನನ್ನ ಮೆಕ್ಯಾನಿಕ್‌ನನ್ನು ಕೂಡಿಸಿಕೊಂಡು ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಳ್ಳಲಿಲ್ಲ, ಅವರನ್ನು ಬೈದೆ. ಬೇಡ ಎಂದರೆ ಕೇಳಿದರೇ? ಕೇಳಲಿಲ್ಲ.

ಡಾಂಬರಿನ ಮೇಲೆ ಟೈರಿನ ಕಪ್ಪು ಗೆರೆಗಳು ಕೊಕ್ಕೆಯಂತೆ ಬಾಗಿದ್ದವು. ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಮೂತಿ ತಿರುಗಿದೆ, ಬಾಲ ಹಾರಿದೆ. ನಾನು ಹೇಳಿದ್ದು ಹೇಳಿದಂತೆಯೇ ಆಗಿದೆ. ಗಾಡಿ ಹಿಂದುಮುಂದಾಗಿ ತೊಗರಿ ಹೊಲಕ್ಕೆ ನುಗ್ಗಿ, ಎರೆಮಣ್ಣಿನಲ್ಲಿ ಹೂತು, ತಾನು ಬಂದ ರಸ್ತೆಯನ್ನೇ ನೋಡುತ್ತ ನಿಂತಿತ್ತು. ಕೆಳಗಿನ ಕಬ್ಬಿಣವೆಲ್ಲ ಬಾಗಿ ಹೋಗಿತ್ತು. ಇನ್ನು ಅದು ಏಳುವುದಿಲ್ಲ ಎಂದು ಮೆಕ್ಯಾನಿಕ್ ದೂರದಿಂದಲೇ ತಲೆ ಅಲ್ಲಾಡಿಸಿದ. ಭಾಭಿ ಬದುವಿನ ಮೇಲೆ ಕುಳಿತು ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ಹಣೆಯ ಮೇಲೆ ಸಣ್ಣದೊಂದು ತರಚು ಗಾಯ, ಅಷ್ಟೇ.

"ಹೊಳ್ಳಸಿದ್ರು," ಎಂದರು ನನ್ನನ್ನು ನೋಡಿ. ನೀರು ಬಾಯಿಯಿಂದ ಇಳಿಯುತ್ತಿತ್ತು. "ಈ ಸಲ ಹಾರ್ನ್ ಹೊಡೀಲಿಲ್ರಿ. ಎರಡೂ ಕೈಲೆ ಹೊಳ್ಳಸಿಬಿಟ್ರು."

ಟೈರು ಸಮ ಇದ್ದುದರಿಂದ ತಿರುಗಿತೋ, ಮೊದಲಿನ ಟೈರಿದ್ದರೂ ತಿರುಗುತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಆಗ ಅದನ್ನು ಯೋಚಿಸಲು ಬಿಡುವೂ ಇರಲಿಲ್ಲ. ರಸ್ತೆಯ ಬದಿಯಲ್ಲಿ ಮೇವಿನ ಹೊರೆಯೊಂದು ಬಿಚ್ಚಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ ಒಬ್ಬ ಹೆಂಗಸು, ಕಚ್ಚೆ ಬಿಗಿದುಕೊಂಡು, ಕುಡುಗೋಲು ಹಿಡಿದ ಕೈಯನ್ನು ಗಾಳಿಯಲ್ಲಿ ಬೀಸುತ್ತ, ಸಾಬರನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಫೋನಿನಲ್ಲಿ ಕೇಳಿಸಿದ್ದು ಅವಳದೇ ಧ್ವನಿ. ಮೈಮೇಲೆ ಒಂದು ಗೆರೆ ಗಾಯವಿರಲಿಲ್ಲ. ಸಿಟ್ಟಿನಿಂದ ಮುಖ ಕೆಂಡವಾಗಿತ್ತು.

"ನಿನ್ನ ಹೆಣಾ ಎತ್ತಲಿ ಮುದುಕಾ! ಸುಮ್ಮ ಹಿಂದಿಂದ ಬರ್ತಿ? ಒಂದು ಹಾರ್ನ್ ಹೊಡೀಲಾಕ ಏನಾಗಿತ್ತು ನಿನಗ? ಕೈ ಸೆಟದಾವೇನು? ಹಾರ್ನ್ ಹೊಡೀಲಾಕ ಬರಾದಿಲ್ಲೇನು ನಿನಗ?"

ಸಾಬರು ಅವಳ ಮುಂದೆ ಮಂಡಿಯವರೆಗೆ ಮಣ್ಣಾಗಿ ನಿಂತಿದ್ದರು. ಎರಡೂ ಕೈ ಜೋಡಿಸಿದ್ದರು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನನ್ನ ಕಡೆ ತಿರುಗಿದರು. ಅವರ ಮುಖವನ್ನು ಅಷ್ಟು ಹಗುರಾಗಿ ನಾನು ಎಂದೂ ಕಂಡಿರಲಿಲ್ಲ.

"ಬೈಲಾಕತ್ತಾಳ್ರಿ ಸಾವ್ಕಾರ್ರ," ಎಂದರು. "ಕೇಳ್ರಿ, ಬೈಲಾಕತ್ತಾಳ."

ಮತ್ತೆ ಅವಳ ಕಡೆ ತಿರುಗಿ, "ಬೈಯವ್ವಾ," ಎಂದರು. "ಇನ್ನೊಂದಿಷ್ಟು ಬೈ."